ಹೊಸ ಫೋನಿಗೆ ಡೇಟಾ ಹಾಕಿಸಲು ಮನೆಯ ಟ್ಯಾಬ್ ಅಂಗಡಿಗೆ ಒಯ್ಯುವವರೇ, ಸ್ವಲ್ಪ ತಡೀರಿ

ಸಿಟ್ಟು ಇನ್ನೂ ಇಳಿದಿಲ್ಲ, ಬರಹ ಹಿಂದೆ ಮುಂದೆ ಆಗಬಹುದು. ಅದಕ್ಕೇ ಮುಖ್ಯ ಮಾತು ಮೊದಲೇ ಹೇಳಿಬಿಡ್ತೀನಿ. ಹಳೇ ಫೋನ್ ಸತ್ತುಹೋಗಿದೆ, ನಿಮ್ಮ ಗೂಗಲ್ ಖಾತೆ ಈಗ ಟ್ಯಾಬ್‌ನಲ್ಲಿ ಮಾತ್ರ ತೆರೆದಿದೆ ಅಂದರೆ, ಆ ಟ್ಯಾಬೇ ನಿಮ್ಮ ಬೀಗದ ಕೈ. ಅದರೊಳಗಿನ ಖಾತೆ ತೆಗೆಯೋಕೆ ಯಾರಿಗೂ ಬಿಡಬೇಡಿ. "ಐದ ನಿಮಿಷ ತಗದು ಮತ್ತ ಹಾಕ್ತೇನ್ರಿ ಅಕ್ಕಾರ" ಅಂದರೂ ಬಿಡಬೇಡಿ.

ಹುಬ್ಬಳ್ಳಿ ಕೊಪ್ಪಿಕರ್ ರೋಡಿನ ಒಂದು ಅಂಗಡಿ. ಹೆಸರು ಬರೆಯೋದಿಲ್ಲ, ಈ ಕೆಲಸ ಮಾಡೋರು ಅವರೊಬ್ಬರೇ ಅಲ್ಲ. ನಮ್ಮ ಹಳೇ ಫೋನ್ ನೀರಿಗೆ ಬಿದ್ದು ಪೂರ್ತಿ ಸತ್ತಿತ್ತು, ಸಿಮ್ ಮಾತ್ರ ಸರಿ ಇತ್ತು. ಹನ್ನೊಂದು ದಿನ ಟ್ಯಾಬ್‌ನಲ್ಲೇ ವಾಟ್ಸಾಪ್ ನಡೆದಿತ್ತು. ಮುಖ್ಯ ಫೋನ್ 14 ದಿನ ಬಳಕೆಯಲ್ಲಿ ಇಲ್ಲದಿದ್ದರೆ ಲಿಂಕ್ ಮಾಡಿದ ಟ್ಯಾಬ್ ತಾನಾಗಿ ಲಾಗೌಟ್ ಆಗುತ್ತೆ, ಅದಕ್ಕೇ ಅವಸರ ಮಾಡಿದ್ದು. ಹೊಸ ಫೋನಿನ ದುಡ್ಡು ಬೇರೆ, ಮೇಲೆ "ಡೇಟಾ ಟ್ರಾನ್ಸ್‌ಫರ್" ಅಂತ 500 ರೂಪಾಯಿ. ಕೊಟ್ಟೆವು.

ಕೌಂಟರಿನ ಹುಡುಗ ಏನು ಮಾಡಬೇಕಿತ್ತು ಅಂತ ಹೇಳ್ತೀನಿ ಕೇಳಿ. ಹೊಸ ಆಂಡ್ರಾಯ್ಡ್ ಫೋನ್ ಆನ್ ಮಾಡಿದ ಮೇಲೆ ಭಾಷೆ ಕೇಳುತ್ತೆ, ವೈಫೈ ಕೇಳುತ್ತೆ, ಆಮೇಲೆ 'ಕಾಪಿ ಆ್ಯಪ್ಸ್ ಆ್ಯಂಡ್ ಡೇಟಾ' ಅನ್ನೋ ಪರದೆ ಬರುತ್ತೆ. ಅಲ್ಲಿ ನೆಕ್ಸ್ಟ್ ಒತ್ತಿ, ಟ್ಯಾಬ್ ಪಕ್ಕದಲ್ಲಿಡಬೇಕು. ಎರಡರಲ್ಲೂ ಬ್ಲೂಟೂತ್, ವೈಫೈ, ಲೊಕೇಶನ್ ಆನ್ ಇರಬೇಕು, ಚಾರ್ಜ್ ಅರ್ಧಕ್ಕಿಂತ ಕೆಳಗಿರಬಾರದು. ಟ್ಯಾಬ್‌ನಲ್ಲಿ ತಾನಾಗಿ ಸೂಚನೆ ಬರದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಅಂತ ಇರುತ್ತೆ, ಅದರೊಳಗೆ ಪಕ್ಕದ ಸಾಧನ ಸೆಟಪ್ ಮಾಡೋ ಆಯ್ಕೆ. ಎರಡೂ ಪರದೆ ಮೇಲೆ ಒಂದೇ ಗುರುತು ಅಥವಾ ಕೋಡ್ ಕಾಣುತ್ತೆ, ಹೊಂದಿದರೆ ಒಪ್ಪಿಗೆ ಕೊಡಬೇಕು. ಹೆಚ್ಚಿನ ಸಲ ಗೂಗಲ್ ಪಾಸ್‌ವರ್ಡ್ ಬೇಕಾಗೋದೇ ಇಲ್ಲ, ಟ್ಯಾಬ್‌ನ ಸ್ಕ್ರೀನ್ ಲಾಕ್ ಹಾಕಿದರೆ ಖಾತೆ ಈ ಕಡೆಗೆ ಬರುತ್ತೆ. ಪಾಸ್‌ವರ್ಡ್ ಮರೆತವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ!

ಆ ಹುಡುಗ ಆ ಪರದೆಯಲ್ಲಿ 'ಡೋಂಟ್ ಕಾಪಿ' ಒತ್ತಿದ. ಒತ್ತಿದ್ದು ಕಣ್ಣಾರೆ ನೋಡಿದೆ. ಕೇಳಿದರೆ, "ಟ್ಯಾಬ್ ಹಳೇದೈತ್ರಿ, ಅದರಿಂದ ಬರಂಗಿಲ್ಲ, ನಾ ಬ್ಯಾರೆ ರೀತಿ ಮಾಡ್ತೇನಿ." ಬೇರೆ ರೀತಿ ಅಂದರೆ ಏನು? ಟ್ಯಾಬ್ ಹ್ಯಾಂಗ್ ಆಗೇತಿ, ಫ್ರೆಶ್ ಲಾಗಿನ್ ಮಾಡಬೇಕು ಅಂತ ಟ್ಯಾಬ್‌ನಿಂದ ಖಾತೆ ತೆಗೆದುಬಿಟ್ಟ. ಆಮೇಲೆ ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಯಾರಿಗೆ ನೆನಪಿರುತ್ತೆ, ವರ್ಷಗಟ್ಟಲೆ ತೆರೆದೇ ಇದ್ದ ಖಾತೆ ಅದು. ಖಾತೆ ಟ್ಯಾಬ್‌ನಲ್ಲಿ ಇದ್ದಿದ್ದರೆ 'ನೀವೇನಾ ಲಾಗಿನ್ ಆಗ್ತಿರೋದು' ಅಂತ ಅದರ ಮೇಲೆ ಕೇಳುತ್ತಿತ್ತು, 'ಹೌದು' ಒತ್ತಿದರೆ ಆಗುತ್ತಿತ್ತು. ಆ ಬಾಗಿಲು ಅವನೇ ಮುಚ್ಚಿದ್ದ. ಅಂಗಡಿಯ ವೈಫೈನಲ್ಲಿ, ಗೂಗಲ್ ಹಿಂದೆಂದೂ ನೋಡದ ಹೊಸ ಫೋನಿನಲ್ಲಿ ಮೂರು ನಾಲ್ಕು ಸಲ ರಿಕವರಿ, ಅಂದರೆ ಪಾಸ್‌ವರ್ಡ್ ಮರೆತ ಖಾತೆ ಮರಳಿ ಪಡೆಯೋ ಪ್ರಯತ್ನ ಮಾಡಿದ. ಆಗಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. "ಆತ್ರಿ ಅಕ್ಕಾರ, ಎಲ್ಲಾ ಬಂದೈತಿ, ಫೋಟೋ ಬರಾಕ ಸ್ವಲ್ಪ ಟೈಮ್ ಹಿಡಿತೈತಿ" ಅಂತ ಫೋನ್ ಕೈಗಿಟ್ಟ.

ಮನೆಗೆ ಬಂದು ಪ್ಲೇ ಸ್ಟೋರ್ ತೆಗೆದೆ. ಮೇಲೆ ಬಲಗಡೆ ದುಂಡಗೆ ನಮ್ಮ ಫೋಟೋ ಇರಬೇಕಿತ್ತು. ಅಲ್ಲಿ ಬರೀ ಹಸಿರು ಬಣ್ಣ, ಒಂದು ಅಕ್ಷರ. ಒತ್ತಿ ನೋಡಿದರೆ ನನ್ನ ಹೆಸರು, ಅದರ ಹಿಂದೆ ಎಂತೆಂಥದೋ ಅಂಕಿ. ನಾನು ಯಾವತ್ತೂ ನೋಡದ ಜಿಮೇಲ್! ಕಾಂಟ್ಯಾಕ್ಟ್ಸ್ ತೆಗೆದರೆ ಸಿಮ್‌ನಲ್ಲಿದ್ದ ಹದಿನಾರು ನಂಬರ್, ಅಷ್ಟೇ. ವಾಟ್ಸಾಪ್ ಖಾಲಿ. ಅವನೇ ಹೊಸ ಖಾತೆ ಮಾಡಿ, ಫೋನಿಗೆ ಹಾಕಿ, ಏನೂ ಹೇಳದೆ ಕಳಿಸಿದ್ದ. ಫೋನ್ ನನ್ನದು, ದುಡ್ಡು ನನ್ನದು, ಅದರೊಳಗಿನ ಖಾತೆಯ ಪಾಸ್‌ವರ್ಡ್ ಮಾತ್ರ ಯಾರದ್ದೋ ಕೈಯಲ್ಲಿ. ಎದುರಿಗೇ ಕೂತು ಇದನ್ನೆಲ್ಲ ಮಾಡಿಸಿಕೊಂಡೆನಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಹೋದೆ. ಮಾಲೀಕರ ಉತ್ತರ: "ನಾವು ಫೋನ್ ಮಾರೋರ್ರಿ. ಜಿಮೇಲ್ ನಮ್ಮ ಜವಾಬ್ದಾರಿ ಅಲ್ಲ." 500 ಯಾಕೆ ತಗೊಂಡಿರಿ ಅಂದೆ. "ಅದು ಹುಡುಗನ ಟೈಮಿಂದು." ಹೊಸ ಖಾತೆ ಯಾಕೆ ಮಾಡಿದಿರಿ ಅಂದೆ. "ಛಲೋನ ಆತಲ್ರಿ, 15 ಜಿಬಿ ಖಾಲಿ ಜಾಗಾ ಸಿಕ್ಕತಿ." ಹಳೇ ಫೋಟೋ, ಹಳೇ ನಂಬರ್ ಎಲ್ಲಾ ಹೋದರೆ ಖಾಲಿ ಜಾಗ ತಗೊಂಡು ಏನು ಮಾಡಲಿ? ಪಾಸ್‌ವರ್ಡ್ ಆದರೂ ಹೇಳಿ ಅಂದೆ. ಹುಡುಗನಿಗೆ ಫೋನ್ ಹಚ್ಚಿದರು. ಅವನು ಹೇಳಿದ್ದು ಅಂಗಡಿಯ ಹೆಸರು, ಮುಂದೆ 123. "ಎಲ್ಲಾ ಗಿರಾಕಿಗೂ ಅದ ಇಡ್ತೇವ್ರಿ, ನೆನಪ ಇರ್ತೈತಿ."

ಎಲ್ಲಾ ಗಿರಾಕಿಗೂ ಅದೇ ಪಾಸ್‌ವರ್ಡ್. ಇದನ್ನು ಓದಿ ನಿಮ್ಮ ಫೋನ್ ತೆಗೆದು ನೋಡಿ, ಈಗಲೇ. ಅಂಗಡಿಯಲ್ಲಿ ಸೆಟಪ್ ಮಾಡಿಸಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್‌ಗೆ ಹೋಗಿ ಯಾವ ಖಾತೆ ಇದೆ ನೋಡಿ. ಗುರುತಿಲ್ಲದ್ದು ಇದ್ದರೆ ಅದರಲ್ಲಿ ಉಳಿದ ನಂಬರು, ಫೋಟೋ ಮೊದಲು ಬೇರೆ ಕಡೆ ತೆಗೆದಿಟ್ಟುಕೊಳ್ಳಿ, ಆಮೇಲೆ ಖಾತೆ ತೆಗೆಯಿರಿ.

ಸರಿಪಡಿಸಿದ ಬಗೆ ಹೇಳ್ತೀನಿ, ಯಾರಿಗಾದರೂ ಬೇಕಾದೀತು. ಹಳೇ ಖಾತೆಯ ರಿಕವರಿ ಮನೆಯ ವೈಫೈನಲ್ಲಿ, ಅದೇ ಟ್ಯಾಬ್‌ನಲ್ಲಿ ಮಾಡಿದೆ. ಹಿಂದೆ ಬಳಸಿದ ಸಾಧನ, ಹಿಂದೆ ಬಳಸಿದ ಜಾಗ ಇದ್ದರೆ ಗೂಗಲ್ ನಂಬೋದು ಜಾಸ್ತಿ. ಆದರೂ ಕೋಡ್ ಹಾಕಿದ ಮೇಲೆ ಕಾಯಿಸಿತು. ಖಾತೆ ಸಿಕ್ಕ ಮೇಲೆ ಹೊಸ ಫೋನಿನಿಂದ ಆ ಪರಕೀಯ ಖಾತೆ ತೆಗೆದು, ಆಮೇಲೆ ಸೆಟ್ಟಿಂಗ್ಸ್ ಒಳಗಿನಿಂದಲೇ ಫ್ಯಾಕ್ಟರಿ ರೀಸೆಟ್, ಅಂದರೆ ಎಲ್ಲಾ ಅಳಿಸಿ ಫೋನ್ ಹೊಸದರಂತೆ ಮಾಡೋದು. ಈ ಕ್ರಮ ತಪ್ಪಿಸಬೇಡಿ. ಖಾತೆ ಹಾಗೇ ಬಿಟ್ಟು ಪವರ್ ಬಟನ್, ವಾಲ್ಯೂಮ್ ಬಟನ್ ಒತ್ತಿ ರೀಸೆಟ್ ಮಾಡಿದರೆ, ಫೋನ್ ಮತ್ತೆ ಅದೇ ಖಾತೆಯ ಪಾಸ್‌ವರ್ಡ್ ಕೇಳುತ್ತೆ. ಕದ್ದ ಫೋನಿಗೆ ಇರೋ ರಕ್ಷಣೆ ಅದು, ಸಿಕ್ಕಿಕೊಳ್ಳೋರು ನಾವು.

ಎರಡನೇ ಸಲ ಸೆಟಪ್ ಮಾಡುವಾಗ ಇನ್ನೊಂದು ಗಮನಿಸಿ. ಟ್ಯಾಬ್‌ಗೆ ಸಿಮ್ ಇಲ್ಲದಿದ್ದರೆ ಅದರಲ್ಲಿ ಎಸ್ಸೆಮ್ಮೆಸ್, ಕಾಲ್ ಲಿಸ್ಟ್ ಇರೋದೇ ಇಲ್ಲ, ಅದರಿಂದ ಕಾಪಿ ಮಾಡಿದರೆ ಅವು ಬರೋದಿಲ್ಲ. ಅವು ಬೇಕಾದರೆ ಖಾತೆ ಹಾಕಿದ ಮೇಲೆ ಕ್ಲೌಡ್ ಬ್ಯಾಕಪ್ (ಗೂಗಲ್ ಖಾತೆಯಲ್ಲಿ ಉಳಿದಿರೋ ಪ್ರತಿ) ಆರಿಸಬೇಕು. ಅಲ್ಲಿ ಟ್ಯಾಬ್, ಹಳೇ ಫೋನ್ ಎರಡರ ಹೆಸರೂ ಕಾಣಬಹುದು. ಹಳೇ ಫೋನಿಂದೇ ಆರಿಸಿ. ತಡ ಮಾಡಬೇಡಿ, 57 ದಿನ ಬಳಕೆ ಇಲ್ಲದ ಸಾಧನದ ಬ್ಯಾಕಪ್ ಗೂಗಲ್ ಅಳಿಸಬಹುದು.

ವಾಟ್ಸಾಪ್ ಬ್ಯಾಕಪ್ ಸಿಗಬೇಕಾದರೆ ಅದೇ ನಂಬರ್, ಅದೇ ಗೂಗಲ್ ಖಾತೆ, ಎರಡೂ ಬೇಕು. ಅಂಗಡಿಯಲ್ಲಿ ಬೇರೆ ಖಾತೆ ಇದ್ದದ್ದಕ್ಕೇ ಬ್ಯಾಕಪ್ ಕಾಣಲಿಲ್ಲ, ಅವನು ಸ್ಕಿಪ್ ಒತ್ತಿದ. ಹಳೇ ಖಾತೆಯಲ್ಲಿ ಬ್ಯಾಕಪ್ ಹಾಗೇ ಉಳಿದಿತ್ತು, ಮತ್ತೆ ಇನ್‌ಸ್ಟಾಲ್ ಮಾಡಿ ರಿಸ್ಟೋರ್ ಕೊಟ್ಟಾಗ ಬಂತು. ಬಾರದ್ದು ಆ ಹನ್ನೊಂದು ದಿನದ್ದು. ಅದು ಟ್ಯಾಬ್‌ನಲ್ಲಿ ಮಾತ್ರ ಇತ್ತು. ಹೊಸ ಫೋನಿನಲ್ಲಿ ನಂಬರ್ ನೋಂದಾಯಿಸಿದ ಕೂಡಲೇ ಟ್ಯಾಬ್ ಲಾಗೌಟ್ ಆಯ್ತು, ಆ ಮಾತುಕತೆ ಹೋಯ್ತು. ಮಗಳ ಹಾಸ್ಟೆಲ್ ಫೀ ರಸೀದಿಯ ಫೋಟೋ ಅದರಲ್ಲೇ ಇತ್ತು. ನಂಬರ್ ಹಾಕೋ ಮೊದಲು ಬೇಕಾದ ಫೋಟೋ, ಪಿಡಿಎಫ್ ಟ್ಯಾಬ್‌ನಲ್ಲಿ ಸೇವ್ ಮಾಡಿ, ಮುಖ್ಯ ಮಾತುಗಳ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಇದನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ.

ಯುಪಿಐ ಆ್ಯಪ್ ಅಂತೂ ಅಂಗಡಿಯಲ್ಲಿ ತೆರೆಯಲೇಬೇಡಿ. ಸಿಮ್ ಹೊಸ ಫೋನಿನಲ್ಲಿದ್ದು ಅದರಿಂದ ಒಂದು ಎಸ್ಸೆಮ್ಮೆಸ್ ಹೋದರೆ ನೋಂದಣಿ ಆಗುತ್ತೆ. ಮನೆಯಲ್ಲೇ ಮಾಡಬಹುದು, ಯಾರಿಗೂ ಪಿನ್ ತೋರಿಸಬೇಕಿಲ್ಲ.

ಅಂಗಡಿಗೆ ಹೋಗೋ ಮೊದಲು ಟ್ಯಾಬ್‌ನಲ್ಲೇ ಗೂಗಲ್ ಖಾತೆಯ ಸೆಕ್ಯುರಿಟಿ ತೆರೆದು, ಎರಡು ಹಂತದ ಪರಿಶೀಲನೆಯಲ್ಲಿ (ಪಾಸ್‌ವರ್ಡ್ ಮೇಲೆ ಇನ್ನೊಂದು ಗುರುತು ಕೇಳೋ ವ್ಯವಸ್ಥೆ) ಬ್ಯಾಕಪ್ ಕೋಡ್, ಅಂದರೆ ಫೋನ್ ಕೈಯಲ್ಲಿಲ್ಲದಾಗ ಲಾಗಿನ್‌ಗೆ ಹಾಕೋ ಕೋಡ್ ತೆಗೆದುಕೊಳ್ಳಿ. ಹತ್ತು ಕೋಡ್ ಕೊಡುತ್ತೆ, ಒಂದೊಂದೂ 8 ಅಂಕಿ. ಹಾಳೆ ಮೇಲೆ ಬರೆದಿಡಿ. ಪಾಸ್‌ವರ್ಡ್ ಕೂಡ ಆಗಲೇ ಸರಿಮಾಡಿಕೊಳ್ಳಿ, ಕೋಡ್ ಇದ್ದರೂ ಪಾಸ್‌ವರ್ಡ್ ಬೇಕೇ ಬೇಕು. ಫೋನ್ ಡಬ್ಬಿ ಅಂಗಡಿಯಲ್ಲಿ ಒಡೆಸಿ ಆನ್ ಆಗುತ್ತಾ, ಪರದೆ ಸರಿ ಇದೆಯಾ ನೋಡಿ, ಅಲ್ಲಿಗೇ ನಿಲ್ಲಿಸಿ. ಸೆಟಪ್ ಮನೆಯಲ್ಲಿ.

ನನ್ನ 500 ರೂಪಾಯಿ ಬರಲಿಲ್ಲ. ಬಿಲ್ ತೆಗೆದು ನೋಡಿದರೆ ಅದರಲ್ಲಿ 'ಆ್ಯಕ್ಸೆಸರೀಸ್' ಅಂತ ಬರೆದಿದ್ದಾರೆ. ಯಾವ ಆ್ಯಕ್ಸೆಸರಿ ಕೊಟ್ಟಿರಿ ಅಂದರೆ, "ಬಿಲ್ಲಿಂಗ್ ಸಾಫ್ಟ್‌ವೇರ್‌ನಾಗ ಹಂಗ ಬರ್ತೈತ್ರಿ." ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡೋಕೂ ಆ ಬಿಲ್ಲೇ ಆಧಾರ. ಹಾಗಾಗಿ ಸೆಟಪ್‌ಗೆ ದುಡ್ಡು ಕೊಡಲೇಬೇಕಾಗಿ ಬಂದರೆ, ಕೌಂಟರ್ ಬಿಡೋ ಮೊದಲು ಬಿಲ್ಲಿನ ಮೇಲೆ 'ಡೇಟಾ ಟ್ರಾನ್ಸ್‌ಫರ್' ಅಂತಲೇ ಬರೆಸಿಕೊಳ್ಳಿ, ನಿಮ್ಮ ಎದುರಿಗೇ ಪ್ಲೇ ಸ್ಟೋರ್ ತೆಗೆಸಿ ಆ ದುಂಡಗಿನ ಗುರುತು ಒತ್ತಿ ನೋಡಿ.