ಡಿಸ್ನಿ ವರ್ಲ್ಡ್‌ಗೆ ಎಂಟು ಜನ ಹೊರಟರೆ: ಹಾಸಿಗೆಗಿಂತ ಮೊದಲು ಬಚ್ಚಲು ಎಣಿಸಿ

ಗಂಡ, ಹೆಂಡತಿ, ಇಬ್ಬರು ಮಕ್ಕಳು, ಊರಿಂದ ಬಂದ ಅಪ್ಪ ಅಮ್ಮ, ಅದೇ ಹೊತ್ತಿಗೆ ಬಂದಿರುವ ಅತ್ತೆ ಮಾವ. ಅಮೆರಿಕದ ಕನ್ನಡ ಮನೆಗಳಲ್ಲಿ ಫ್ಲೋರಿಡಾ ಪ್ರವಾಸದ ತಲೆಲೆಕ್ಕ ಹೆಚ್ಚಾಗಿ ಈ ಎಂಟಕ್ಕೇ ಬಂದು ನಿಲ್ಲುತ್ತದೆ. ಡಿಸ್ನಿ ವರ್ಲ್ಡ್ ಒಳಗಿನ ಹೋಟೆಲುಗಳ ಸಾಮಾನ್ಯ ಕೋಣೆಯಲ್ಲಿ ನಾಲ್ಕು ಜನಕ್ಕೆ ಜಾಗ, ಕೆಲವು ಕಡೆ ಐದು. ಮೂರು ವರ್ಷದೊಳಗಿನ ಕೂಸು ತೊಟ್ಟಿಲಲ್ಲಿ ಮಲಗುವುದಾದರೆ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ, ಅದಕ್ಕೆ ಟಿಕೆಟ್ಟೂ ಬೇಡ. ಹಾಗಾಗಿ ಎಂಟು ಜನಕ್ಕೆ ಉಳಿಯುವುದು ಎರಡು ಕೋಣೆ, ದೊಡ್ಡ ವಿಲ್ಲಾ, ಇಲ್ಲವೇ ಹೊರಗಡೆ ಬಾಡಿಗೆ ಮನೆ.

ವೆಬ್‌ಸೈಟು ತೋರಿಸುವುದು 'ಎಷ್ಟು ಜನ ಮಲಗಬಹುದು' ಎಂಬ ಸಂಖ್ಯೆ. ಬೆಳಗ್ಗೆ ಏಟು ಬೀಳುವುದು ಅಲ್ಲಲ್ಲ, ಬಚ್ಚಲಲ್ಲಿ. ಪಾರ್ಕು ಒಂಬತ್ತಕ್ಕೆ ತೆರೆದರೆ ಒಳಗಿನ ಹೋಟೆಲಿನವರಿಗೆ ಅರ್ಧ ಗಂಟೆ ಮುಂಚೆಯೇ ಪ್ರವೇಶ ಸಿಗುತ್ತದೆ. ಉದ್ದದ ಕ್ಯೂ ಇರುವ ರೈಡುಗಳನ್ನು ಮುಗಿಸಿಕೊಳ್ಳಬೇಕಾದದ್ದು ಆ ಅರ್ಧ ಗಂಟೆಯಲ್ಲೇ. ಅದಕ್ಕೆ ಏಳೂವರೆಗೆಲ್ಲ ಕೋಣೆ ಬಿಟ್ಟಿರಬೇಕು. ತಲೆಗೆ ಹದಿನೈದು ನಿಮಿಷ ಹಿಡಿದರೂ ಎಂಟು ಜನಕ್ಕೆ ಒಂದೇ ಬಚ್ಚಲಾದರೆ ಎರಡು ಗಂಟೆ, ಎರಡಾದರೆ ಒಂದು ಗಂಟೆ, ಮೂರಾದರೆ ಮುಕ್ಕಾಲು ಗಂಟೆ. ಸ್ನಾನ ಆಗದೆ ತಿಂಡಿ ಮುಟ್ಟದ ಹಿರಿಯರಿದ್ದರಂತೂ ಈ ಲೆಕ್ಕ ಇನ್ನೂ ಬಿಗಿ. ಮುಂದಿನ ಅಭಿಪ್ರಾಯವೆಲ್ಲ ಈ ಅಳತೆಗೋಲಿನ ಮೇಲೆಯೇ.

ಮೊದಲು ಎಲ್ಲರೂ ಹುಡುಕುವುದು ಆರ್ಟ್ ಆಫ್ ಆ್ಯನಿಮೇಷನ್ ಹೋಟೆಲಿನ ಫ್ಯಾಮಿಲಿ ಸ್ವೀಟ್. 2012ರಲ್ಲಿ ತೆರೆದದ್ದು. ಒಂದು ಬೆಡ್‌ರೂಮು, ಒಂದು ಹಾಲು, ಎರಡು ಬಾತ್‌ರೂಮು, ಪುಟ್ಟ ಫ್ರಿಜ್ಜು, ಮೈಕ್ರೋವೇವು, ಸಿಂಕು. ಒಲೆ ಇಲ್ಲ. ಇಲ್ಲಿ ಮಲಗಬಹುದಾದವರು ಆರು ಜನ, ಆರೆಂದರೆ ಆರೇ. ಬೆಡ್‌ರೂಮಿನಲ್ಲಿ ಇಬ್ಬರು, ಹಾಲಿನ ಸೋಫಾ ಬಿಚ್ಚಿದರೆ ಇಬ್ಬರು, ಊಟದ ಮೇಜಿನ ಜಾಗದಲ್ಲಿ ಇಬ್ಬರು. ಆ ಮೇಜಿನ ಹಾಸಿಗೆಯದ್ದೇ ಒಂದು ಕಥೆ. ಹಗಲು ಮೇಜು, ರಾತ್ರಿ ಮೇಲಿದ್ದ ತಟ್ಟೆ, ಲೋಟ, ಚಾರ್ಜರು, ನೀರಿನ ಬಾಟಲಿ ಎಲ್ಲ ಎತ್ತಿಟ್ಟು, ಗೋಡೆಗೆ ಒರಗಿಸಿದ ಹಾಸಿಗೆಯನ್ನು ಕೆಳಗೆ ಇಳಿಸಬೇಕು. ಅದು ಸೋಫಾಕ್ಕಿಂತ ಎಷ್ಟೋ ವಾಸಿ, ಬೆನ್ನಿಗೂ ಹಿತ. ಆದರೆ ಮಕ್ಕಳು ಒಂಬತ್ತಕ್ಕೆ ಮಲಗಿಬಿಟ್ಟರೆ ಪಟಾಕಿ ನೋಡಿ ಹತ್ತೂವರೆಗೆ ಬಂದವರು ಮೊಸರನ್ನವನ್ನು ತೊಡೆಯ ಮೇಲಿಟ್ಟುಕೊಂಡೇ ತಿನ್ನಬೇಕು. ಇನ್ನೊಂದು ತೊಡಕು ಬೀಗರದ್ದು. ಬಾಗಿಲಿರುವುದು ಒಂದೇ ಬೆಡ್‌ರೂಮಿಗೆ. ಅದನ್ನು ಯಾರಿಗೆ ಕೊಟ್ಟರೂ ಉಳಿದವರು ಹಾಲಿನಲ್ಲಿ. ಒಂದು ಜೊತೆ ಹಿರಿಯರು, ಎರಡು ಮಕ್ಕಳು, ನೀವಿಬ್ಬರು ಇಷ್ಟೇ ಆದರೆ ಈ ಸ್ವೀಟ್ ಚೆನ್ನ. ಬೀಗರೂ ಸೇರಿದರೆ ಬೇಡ.

ಇದೇ ಹೋಟೆಲಿನಲ್ಲಿ ಲಿಟ್ಲ್ ಮರ್ಮೇಡ್ ಭಾಗದವು ನಾಲ್ಕು ಜನದ ಸಾಮಾನ್ಯ ಕೋಣೆಗಳು. ಲಾಬಿಯಿಂದ ಅದೇ ತೀರಾ ದೂರ, ಮಂಡಿನೋವಿದ್ದವರನ್ನು ಅಲ್ಲಿ ಹಾಕಬೇಡಿ. ಅದರ ಬದಲು ಕೆರೆಯಾಚೆಯ ಪಾಪ್ ಸೆಂಚುರಿಯಲ್ಲಿ ಎರಡು ಕೋಣೆ ಹಿಡಿಯುವುದು ಜಾಣತನ. ಎಷ್ಟೋ ದಿನಗಳಲ್ಲಿ ಅಲ್ಲಿನ ಎರಡು ಕೋಣೆಯ ಬಾಡಿಗೆ ಇಲ್ಲಿನ ಒಂದು ಸ್ವೀಟಿಗಿಂತ ಕಡಿಮೆ ಇರುತ್ತದೆ. ಎಂಟು ಜನಕ್ಕೆ ಜಾಗ, ಎರಡು ಬಾತ್‌ರೂಮು, ಎರಡು ಬಾಗಿಲು. ಆದರೆ ಬುಕ್ ಮಾಡುವಾಗ 'ಕನೆಕ್ಟಿಂಗ್' ಎಂದು ಸ್ಪಷ್ಟವಾಗಿ ಕೇಳಿ. 'ಅಡ್ಜಾಯ್ನಿಂಗ್' ಎಂದರೆ ಪಕ್ಕಪಕ್ಕದ ಕೋಣೆ, ನಡುವೆ ಬಾಗಿಲು ಇರಲೇಬೇಕೆಂದಿಲ್ಲ. ಆನ್‌ಲೈನ್‌ನಲ್ಲಿ ಕೋರಿಕೆ ಟಿಕ್ ಮಾಡಿದ ಮಾತ್ರಕ್ಕೆ ಖಾತ್ರಿಯೂ ಅಲ್ಲ. ಫೋನ್ ಮಾಡಿ, ಎರಡೂ ಬುಕಿಂಗ್ ಜೋಡಿಸಲು ಹೇಳಿ, ಒಂದೊಂದು ಕೋಣೆಗೂ ಒಬ್ಬ ದೊಡ್ಡವರ ಹೆಸರು ಹಾಕಿಸಿ.

ಈ ಎರಡು ಹೋಟೆಲುಗಳ ದೊಡ್ಡ ಅನುಕೂಲ ಸ್ಕೈಲೈನರ್. 2019ರ ಸೆಪ್ಟೆಂಬರಿನಲ್ಲಿ ಶುರುವಾದ ಈ ರೋಪ್‌ವೇಯ ಒಂದೇ ನಿಲ್ದಾಣ ಎರಡೂ ಹೋಟೆಲಿಗೆ, ಕೆರೆಯ ಸೇತುವೆಯ ಮೇಲೆ. ಕೆರಿಬಿಯನ್ ಬೀಚ್ ಹೋಟೆಲಿನ ನಿಲ್ದಾಣದಲ್ಲಿ ಇಳಿದು ಬದಲಿಸಿದರೆ ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್ ಪಾರ್ಕುಗಳೆರಡಕ್ಕೂ ಹೋಗಬಹುದು. ಪೆಟ್ಟಿಗೆಯಲ್ಲಿ ಹತ್ತು ಜನ ಹಿಡಿಯುತ್ತಾರೆ, ಮಗುವಿನ ಸ್ಟ್ರೋಲರ್ ಮಡಚಬೇಕಿಲ್ಲ. ಬಸ್ಸಿನಲ್ಲಾದರೆ ಮಡಚಲೇಬೇಕು. ಆದರೆ ಗುಡುಗು ಸಿಡಿಲು ಬಂದರೆ ಸ್ಕೈಲೈನರ್ ನಿಲ್ಲುತ್ತದೆ, ಫ್ಲೋರಿಡಾದ ಬೇಸಿಗೆಯಲ್ಲಿ ಮಧ್ಯಾಹ್ನದ ಸಿಡಿಲು ಎಂಬುದು ಹೆಚ್ಚುಕಡಿಮೆ ದಿನಚರಿ. ಒಳಗೆ ಎ.ಸಿ. ಇಲ್ಲ, ಗಾಳಿಯಾಡುವ ಕಿಂಡಿಗಳಷ್ಟೇ. ಮ್ಯಾಜಿಕ್ ಕಿಂಗ್‌ಡಮ್, ಆ್ಯನಿಮಲ್ ಕಿಂಗ್‌ಡಮ್ ಪಾರ್ಕುಗಳಿಗೆ ಬಸ್ಸೇ ಗತಿ.

ಎಂಟು ಜನಕ್ಕೆ ನಿಜವಾಗಿ ಹೊಂದುವುದು ಡಿಸ್ನಿಯ ಎರಡು ಬೆಡ್‌ರೂಮಿನ ವಿಲ್ಲಾ. ಪೂರ್ಣ ಅಡುಗೆಮನೆ, ದೊಡ್ಡ ಫ್ರಿಜ್ಜು, ಪಾತ್ರೆ ತೊಳೆಯುವ ಮೆಷೀನು, ಒಳಗೇ ವಾಷರ್ ಮತ್ತು ಡ್ರೈಯರ್. ಮಳೆಯಲ್ಲಿ ನೆನೆದ ಎಂಟು ಜೊತೆ ಬಟ್ಟೆ ರಾತ್ರಿಯೇ ಒಣಗುವುದು ಸಣ್ಣ ಮಾತಲ್ಲ. ಆದರೆ ವಿಲ್ಲಾಗಳೆಲ್ಲ ಒಂದೇ ಅಲ್ಲ. ಓಲ್ಡ್ ಕೀ ವೆಸ್ಟ್ 1991ರದು, ಇವುಗಳಲ್ಲೇ ಹಳೆಯದು, ಕೋಣೆಗಳು ವಿಶಾಲ. ಬಾತ್‌ರೂಮು ಎರಡು. ದೋಷ ಒಂದೇ, ಆದರೆ ದೊಡ್ಡದು: 62, 63, 64ನೇ ಕಟ್ಟಡ ಬಿಟ್ಟರೆ ಬೇರೆಲ್ಲೂ ಲಿಫ್ಟಿಲ್ಲ. ನೆಲಮಹಡಿ ಎಂದು ಬರೆಸದೆ ಹೋದರೆ ಮೂರನೇ ಅಂತಸ್ತು ಸಿಕ್ಕಿ ಅಜ್ಜಿ ಹತ್ತಿದವರು ಇಳಿಯಲು ಒಪ್ಪದೆ ಇರಬಹುದು.

ಆ್ಯನಿಮಲ್ ಕಿಂಗ್‌ಡಮ್ ಹತ್ತಿರದ ಕಿಡಾನಿ ವಿಲೇಜಿನಲ್ಲಿ ಎರಡು ಬೆಡ್‌ರೂಮಿಗೆ ಮೂರು ಬಾತ್‌ರೂಮು, ಒಂಬತ್ತು ಜನಕ್ಕೆ ಜಾಗ. ಅತಿಥಿಗಳಿಗೆಂದೇ ಹಾಲಿನ ಪಕ್ಕ ಒಂದು ಬಚ್ಚಲು ಬೇರೆ ಇರುವುದರಿಂದ ಬೀಗರು ಯಾರ ಬೆಡ್‌ರೂಮನ್ನೂ ದಾಟಬೇಕಿಲ್ಲ. ಸವಾನ್ನಾ ಕಡೆಯ ಬಾಲ್ಕನಿಯಲ್ಲಿ ಕೂತರೆ ಜಿರಾಫೆ, ಜೀಬ್ರಾ ಕಾಣುತ್ತವೆ. ಪಾರ್ಕಿಗೆ ಬರಲಾರೆ ಎಂದ ಅಜ್ಜನಿಗೆ ಇಡೀ ದಿನದ ಕೆಲಸ ಅದೇ. ಕೆಳಗಿನ ಸನಾ ರೆಸ್ಟೋರೆಂಟಿನಲ್ಲಿ ನಾನ್, ಬಗೆಬಗೆಯ ಚಟ್ನಿ, ರಾಯ್ತದ ತಟ್ಟೆ ಸಿಗುತ್ತದೆ, ಸಸ್ಯಾಹಾರಿಗಳಿಗೆ ಈ ಇಡೀ ಜಾಗದಲ್ಲಿ ಇಷ್ಟು ಹತ್ತಿರದ ರುಚಿ ಅಪರೂಪ. ಕೊರತೆ ಎಂದರೆ ದೂರ: ಎಲ್ಲಿಗೂ ಬಸ್ಸು. ಕಟ್ಟಡವೂ ಬಿಲ್ಲಿನಂತೆ ಬಾಗಿ ಉದ್ದವಾಗಿರುವುದರಿಂದ ಲಾಬಿಯ ಹತ್ತಿರದ ಕೋಣೆ ಎಂದು ಬರೆಸಿ.

ಹಣದ ಚಿಂತೆ ಇಲ್ಲದಿದ್ದರೆ ಬೇ ಲೇಕ್ ಟವರ್. 2009ರಲ್ಲಿ ತೆರೆದದ್ದು, ಇಲ್ಲೂ ಎರಡು ಬೆಡ್‌ರೂಮಿಗೆ ಮೂರು ಬಾತ್‌ರೂಮು. ಇಲ್ಲಿಂದ ಮ್ಯಾಜಿಕ್ ಕಿಂಗ್‌ಡಮ್‌ಗೆ ನಡೆದೇ ಹೋಗಬಹುದು. ಬಸ್ಸಿನಲ್ಲಿ ಗಾಲಿಕುರ್ಚಿಗೆ ಸಾಮಾನ್ಯವಾಗಿ ಎರಡೇ ಜಾಗ, ಆ ಸಾಲಿನಲ್ಲಿ ಕಾಯುವ ಗೋಳು ಇಲ್ಲಿಲ್ಲ. ಮಧ್ಯಾಹ್ನ ಒಂದಕ್ಕೆ ಹಿರಿಯರು ಬಂದು ಮಲಗಿ, ಸಂಜೆ ಐದಕ್ಕೆ ಮತ್ತೆ ಹೋಗಬಹುದು. ಬೇಸಿಗೆಯಲ್ಲಿ ಹಿರಿಯರನ್ನು ಕರೆದುಕೊಂಡು ಹೋಗುವವರು ದುಡ್ಡು ಕೊಡುತ್ತಿರುವುದು ಈ ನಾಲ್ಕು ಗಂಟೆಗೇ.

ಫೋರ್ಟ್ ವಿಲ್ಡರ್ನೆಸ್‌ನಲ್ಲಿ 2024ರಲ್ಲಿ ಬಂದ ಹೊಸ ಕ್ಯಾಬಿನ್‌ಗಳ ಫೋಟೊ ನೋಡಿ ಮರುಳಾಗುವುದು ಸುಲಭ. ಆರು ಜನ, ಒಂದೇ ಬಚ್ಚಲು. ಮುಂದಕ್ಕೆ ಹೋಗಿ.

ವಿಲ್ಲಾವನ್ನು ಡಿಸ್ನಿಯಿಂದ ನೇರ ಹಿಡಿದರೆ ಬೆಲೆ ಕಣ್ಣು ಕತ್ತಲೆ ಬರಿಸುತ್ತದೆ. ಹಾಗಾಗಿ ಹೆಚ್ಚಿನವರು ಡಿಸ್ನಿಯ ವೆಕೇಷನ್ ಕ್ಲಬ್ (ವಿಲ್ಲಾ ವಾಸವನ್ನು ಪಾಯಿಂಟ್ ಲೆಕ್ಕದಲ್ಲಿ ಮೊದಲೇ ಕೊಂಡಿಟ್ಟವರ ಕೂಟ) ಸದಸ್ಯರ ಪಾಯಿಂಟ್‌ಗಳನ್ನು ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ರಾತ್ರಿಗೆ 40 ಪಾಯಿಂಟ್ ಬೇಕು, ಪಾಯಿಂಟಿಗೆ 20 ಡಾಲರ್ ಎಂದುಕೊಂಡರೆ 800 ಡಾಲರ್. ಎಂಟು ಜನಕ್ಕೆ ಹಂಚಿದರೆ ತಲೆಗೆ ನೂರು. ಸದಸ್ಯರು ತಮ್ಮ ಸ್ವಂತ ರೆಸಾರ್ಟನ್ನು 11 ತಿಂಗಳ ಮುಂಚೆ, ಬೇರೆಯದನ್ನು 7 ತಿಂಗಳ ಮುಂಚೆ ಹಿಡಿಯಬಹುದು. ಎರಡು ಬೆಡ್‌ರೂಮು ಬೇಗ ಮುಗಿಯುವುದರಿಂದ ಬೇಕಾದ ರೆಸಾರ್ಟಿನ ಸದಸ್ಯರನ್ನೇ ಹುಡುಕಿ. ಸಿಕ್ಕಿಹಾಕಿಕೊಳ್ಳುವ ಜಾಗ ಇದು: ಪಾಯಿಂಟ್ ಬಾಡಿಗೆಯ ಹಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಊರಲ್ಲಿ ಅಪ್ಪ ಅಮ್ಮನ ವೀಸಾ ಸ್ಟಾಂಪ್ ಆಗುವ ಮೊದಲು ಇದಕ್ಕೆ ಕೈ ಹಾಕಬೇಡಿ. ಅಲ್ಲಿಯವರೆಗೆ ಡಿಸ್ನಿಯಲ್ಲೇ ಬರೀ ಕೋಣೆಯನ್ನು ಒಂದು ರಾತ್ರಿಯ ಮುಂಗಡ ಕೊಟ್ಟು ಹಿಡಿದಿಡಿ, ಐದು ದಿನ ಮುಂಚೆ ರದ್ದು ಮಾಡಿದರೂ ದಂಡವಿಲ್ಲ. ಜೂನ್‌ನಿಂದ ನವೆಂಬರ್ ತನಕ ಚಂಡಮಾರುತದ ಕಾಲ. ಡಿಸ್ನಿಯ ನೇರ ಬುಕಿಂಗಿಗೆ ಚಂಡಮಾರುತ ಬಂದರೆ ದಂಡವಿಲ್ಲದೆ ರದ್ದು ಮಾಡುವ ರಿಯಾಯಿತಿ ಇದೆ, ಬಾಡಿಗೆ ಪಾಯಿಂಟಿಗೆ ಅದನ್ನು ನಂಬಿ ಕೂರಬೇಡಿ. ಪಾಯಿಂಟಿನಲ್ಲಿ ಉಳಿದವರಿಗೆ ದಿನಾ ಕೋಣೆ ಶುಚಿ ಮಾಡುವುದಿಲ್ಲ. ಒಂದು ವಾರದೊಳಗಿನ ವಾಸಕ್ಕೆ ನಾಲ್ಕನೇ ದಿನ ಕಸ ಒಯ್ದು ಟವೆಲ್ ಕೊಡುತ್ತಾರೆ, ಅಷ್ಟೆ.

ಹತ್ತು ದಾಟಿದ ಗುಂಪಿಗೆ ಕಿಸಿಮಿ, ಡೇವನ್‌ಪೋರ್ಟ್ ಕಡೆಯ ಬಾಡಿಗೆ ಮನೆಗಳೇ ಸರಿ. ಆರು ಬೆಡ್‌ರೂಮು, ಹಿತ್ತಲಲ್ಲಿ ಈಜುಕೊಳ. ಬಾಡಿಗೆಯ ಮೊದಲ ಅಂಕಿ ನೋಡಿ ಹಿಗ್ಗಬೇಡಿ. ಕ್ಲೀನಿಂಗ್ ಚಾರ್ಜು, ಚಳಿಗಾಲದಲ್ಲಿ ಕೊಳ ಬಿಸಿ ಮಾಡಲು ದಿನಕ್ಕಿಷ್ಟು, ತೆರಿಗೆ ಎಲ್ಲ ಕೂಡಿಸಿ ನೋಡಿ. ಪಾರ್ಕಿನ ಪಾರ್ಕಿಂಗಿಗೆ ಕಾರೊಂದೊಂದಕ್ಕೂ ದಿನಾ ಹಣ ಕೊಡಬೇಕು, ಹತ್ತು ಜನವೆಂದರೆ ಎರಡು ಕಾರು. ಒಳಗಿನ ಹೋಟೆಲಿನವರಿಗೆ ಇದು ಉಚಿತ. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಿನಲ್ಲಿ ಹೋದರೆ ಬಾಗಿಲ ತನಕ ಹೋಗಲಾಗದು. ದೂರದಲ್ಲಿ ನಿಲ್ಲಿಸಿ ಮಾನೊರೈಲೋ ದೋಣಿಯೋ ಹಿಡಿಯಬೇಕು. ಲೈಟ್ನಿಂಗ್ ಲೇನ್ (ಹಣ ಕೊಟ್ಟು ಉದ್ದದ ಕ್ಯೂ ತಪ್ಪಿಸುವ ದಾರಿ) ಸಮಯವನ್ನು ಒಳಗಿನವರು ಏಳು ದಿನ ಮುಂಚೆ ಹಿಡಿದರೆ ಹೊರಗಿನವರಿಗೆ ಮೂರೇ ದಿನ. ಹತ್ತು ಜನಕ್ಕೆ ಒಂದೇ ಹೊತ್ತಿನ ಜಾಗ ಸಿಗುವುದಕ್ಕೆ ಆ ನಾಲ್ಕು ದಿನವೇ ಅಡ್ಡ.

ಇನ್ನು ಅಡುಗೆ. ವಿಲ್ಲಾದಲ್ಲಿ ಒಲೆ ಕರೆಂಟಿನದು, ಗ್ಯಾಸ್ ಅಲ್ಲ. ಬಾಣಲೆ ತಡವಾಗಿ ಕಾದು ತಡವಾಗಿ ಆರುತ್ತದೆ. ಎಣ್ಣೆ ಕಾಯಿತೆಂದು ಸಾಸಿವೆ ಹಾಕಿ ಒಣಮೆಣಸಿನಕಾಯಿ ಮುರಿದು ಬಿಟ್ಟರೆ ಹೊಗೆ ಎದ್ದು ಸ್ಮೋಕ್ ಅಲಾರಂ ಕಿರುಚುವ ಸಂಭವವಿದೆ. ಮೊದಲು ಎಕ್ಸಾಸ್ಟ್ ಹಾಕಿ, ಸಾಸಿವೆ ಸಿಡಿದ ಕೂಡಲೇ ಬಾಣಲೆ ಕೆಳಗಿಳಿಸಿ, ಮೆಣಸಿನಕಾಯಿ, ಕರಿಬೇವು ಆಮೇಲೆ ಹಾಕಿ. ಬಾಣಲೆಯ ಬಿಸಿಯೇ ಸಾಕು. ಕುಕ್ಕರ್ ಅಲ್ಲಿಲ್ಲ. ಊರಿನ ಮಿಕ್ಸಿ 230 ವೋಲ್ಟಿನದು, ಇಲ್ಲಿನ 120ರಲ್ಲಿ ಮುಲುಗುತ್ತದೆಯೇ ಹೊರತು ಅರೆಯುವುದಿಲ್ಲ. ಚಟ್ನಿಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು ತೆಗೆದುಕೊಂಡು ಹೋದರೆ ಬೆಳಗಿನ ತಿಂಡಿ ಮುಗಿಯಿತು. ಒಲೆಯಿಲ್ಲದ ಸಾಮಾನ್ಯ ಕೋಣೆಯಲ್ಲಿ ಇನ್‌ಸ್ಟೆಂಟ್ ಪಾಟ್ ಇಡುವ ಸಾಹಸ ಬೇಡ.

ಎಲ್ಲಿ ಹಿಡಿದರೂ ಬುಕ್ ಮಾಡುವ ದಿನವೇ ಸ್ನಾನದ ಏರ್ಪಾಟು ಕೇಳಿ. ಟಬ್ಬಿನ ಅಂಚು ದಾಟಿ ಕಾಲಿಡುವುದು ಮಂಡಿ ಬದಲಿಸಿಕೊಂಡವರಿಗೆ ಅಪಾಯ. ಟಬ್ಬಿಲ್ಲದ, ಹಿಡಿಕೆಯಿರುವ ಕೋಣೆಗಳನ್ನು ಬೇರೆಯಾಗಿಯೇ ಬುಕ್ ಮಾಡಬಹುದು, ಬೇಗ ಮುಗಿಯುತ್ತವೆ. ಬಕೆಟ್ಟಂತೂ ಇರುವುದಿಲ್ಲ, ಒಂದು ಪ್ಲಾಸ್ಟಿಕ್ ಚೊಂಬು ಸೂಟ್‌ಕೇಸಿನಲ್ಲಿರಲಿ. ವಿಲ್ಲಾ ಕೈಗೆ ಸಿಗುವುದು ಸಂಜೆ ನಾಲ್ಕಕ್ಕೆ, ಬಿಡಬೇಕಾದದ್ದು ಬೆಳಗ್ಗೆ ಹನ್ನೊಂದಕ್ಕೆ. ಬೆಳಗಿನ ವಿಮಾನದಲ್ಲಿ ಇಳಿದರೆ ಸಾಮಾನನ್ನು ಬೆಲ್ ಸರ್ವಿಸ್‌ಗೆ ಕೊಡಿ. ಹಾಲು ಮೊಸರು ಇರುವ ಚೀಲವನ್ನು ಬೇರೆ ಮಾಡಿ 'ಫ್ರಿಜ್ಜಿಗೆ' ಎಂದು ಹೇಳಿಯೇ ಕೊಡಿ, ಇಲ್ಲದಿದ್ದರೆ ಅದು ಸೂಟ್‌ಕೇಸುಗಳ ಜೊತೆ ಸಂಜೆ ನಾಲ್ಕರವರೆಗೆ ಹೊರಗೇ ಕೂತಿರುತ್ತದೆ.