ಮಾತ್ರೆಗಳ ಹೆಸರನ್ನೂ ಕೇಳಿದ ವೈದ್ಯರು

ಮೈಸೂರಿನ ಈ ಸಂತಾನ ಚಿಕಿತ್ಸಾಲಯದಲ್ಲಿ ನನಗೆ ಬಹಳ ಹಿಡಿಸಿದ್ದು, ವೀರ್ಯ ಪರೀಕ್ಷೆಯ ವರದಿಯನ್ನು ನೋಡುವುದಕ್ಕೂ ಮೊದಲೇ ವೈದ್ಯರು ನಾನು ನುಂಗುತ್ತಿದ್ದ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಇಡಿಸಿ, ಒಂದೊಂದರ ಹೆಸರನ್ನೂ ಬರೆದುಕೊಂಡದ್ದು. ದೊಡ್ಡ ಕರುಳಿನ ಹುಣ್ಣಿಗೆಂದು ನಾಲ್ಕು ವರ್ಷಗಳಿಂದ ಸೇವಿಸುತ್ತಿದ್ದ ಸಲ್ಫಾಸಲಜೀನ್ ವೀರ್ಯಾಣುಗಳ ಸಂಖ್ಯೆಯನ್ನೂ ಚಲನೆಯನ್ನೂ ಕುಗ್ಗಿಸಬಲ್ಲದೆಂದು, ಅದನ್ನು ಬರೆದುಕೊಟ್ಟ ಆಸ್ಪತ್ರೆಯಲ್ಲಿ ಯಾರೂ ಹೇಳಿರಲಿಲ್ಲ. ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನಗಳು ಬೇಕಾಗುವುದರಿಂದ, ಔಷಧ ಬದಲಿಸಿದ ಮೇಲೆ ಎರಡು ಮೂರು ತಿಂಗಳು ಕಾದೇ ಮರುಪರೀಕ್ಷೆ ಮಾಡಿಸಬೇಕೆಂದು ವಿವರಿಸಿದ ಅವರು, ನಾನಾಗಿಯೇ ಮಾತ್ರೆ ನಿಲ್ಲಿಸದಂತೆ ಎಚ್ಚರಿಸಿ, ಅದೇ ಕಾಯಿಲೆಯ ಇನ್ನೊಂದು ಔಷಧವಾದ ಮೆಸಲಮೀನ್‌ಗೆ ಬದಲಿಸುವ ಕುರಿತು ಕರುಳಿನ ತಜ್ಞರಿಗೆ ಪತ್ರ ಬರೆದುಕೊಟ್ಟರು. ದುಬಾರಿ ಪ್ರನಾಳ ಶಿಶು ಚಿಕಿತ್ಸೆಯಾದ ಐವಿಎಫ್‌ನ ಮಾತನ್ನು ಎತ್ತಲೇ ಇಲ್ಲ. ಕಾದು ಕೂರುವ ಜಾಗ ಮಾತ್ರ ಇಕ್ಕಟ್ಟು. ಮಾದರಿ ಕೊಡುವ ಕೊಠಡಿಯ ಚಿಲಕವೂ ಸರಿಯಾಗಿ ಬೀಳುವುದಿಲ್ಲ.