ಕರೆಂಟ್ ಎಲ್ಲಿ ಹೋಗುತ್ತದೆ ಅಂತ ತೋರಿಸಿದ ಪುಟ್ಟ ಮೀಟರ್

ಹೋದ ವರ್ಷ ಅಕ್ಟೋಬರ್ ಬಿಲ್ಲಿನಲ್ಲಿ 328 ಯೂನಿಟ್ ಬಂದಾಗ ನಮ್ಮ ಮನೆಯಲ್ಲಿ ಎಲ್ಲರ ಕಣ್ಣೂ ಗ್ರೈಂಡರ್ ಮೇಲೆ ಬಿತ್ತು. ಅತ್ತೆ ವಾರಕ್ಕೆ ಮೂರು ಸಲ ಹಿಟ್ಟು ರುಬ್ಬುತ್ತಾರೆ. ಕುಂದಾಪುರದವರು, ಪ್ಯಾಕೆಟ್ ಹಿಟ್ಟು ಅವರ ಬಾಯಿಗೆ ಹಿಡಿಸುವುದಿಲ್ಲ. "ಆ ಕಲ್ಲು ತಿರುಗೋ ಸದ್ದು ಕೇಳಿದ್ರೇ ಗೊತ್ತಾಗುತ್ತೆ, ಎಷ್ಟು ಕರೆಂಟ್ ತಿನ್ನುತ್ತೆ ಅಂತ" ಎಂದು ಇವರು ಹೇಳಿದ್ದೇ ತಡ, ಅತ್ತೆ ಎರಡು ವಾರ ಗ್ರೈಂಡರ್ ಮುಟ್ಟಲಿಲ್ಲ. ಮಿಕ್ಸಿಯಲ್ಲೇ ರುಬ್ಬಿದರು. ಇಡ್ಲಿ ಗಟ್ಟಿಯಾಯಿತು, ಅತ್ತೆ ಸುಮ್ಮನಾದರು. ನನಗೆ ಅದನ್ನು ನೋಡಲಾಗಲಿಲ್ಲ.

ನಾನು ಆಫೀಸಿನಲ್ಲಿ ಲೆಕ್ಕಪತ್ರ ನೋಡುವವಳು. ಯಾವ ಖರ್ಚು ಎಲ್ಲಿಂದ ಬಂತು ಅಂತ ಗೊತ್ತಾಗದೆ ಯಾರ ಮೇಲೂ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಒಂದು ಶನಿವಾರ ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯಿಂದ ಲೋಕಲ್ ಹಿಡಿದು ದಾದರ್, ಅಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡ್. ಸ್ಟೇಷನ್ನಿಂದ ನಡೆದರೆ ಲ್ಯಾಮಿಂಗ್ಟನ್ ರಸ್ತೆ. ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಮುಂಬೈಯವರು ಹೋಗುವ ಜಾಗ ಅದೇ. ಮೂರು ಅಂಗಡಿ ಸುತ್ತಿ, 900 ರೂಪಾಯಿಗೆ ಒಂದು ವ್ಯಾಟ್ ಮೀಟರ್ ತಂದೆ.

ಅಂಗೈಯಷ್ಟು ಡಬ್ಬಿ. ಗೋಡೆಯ ಸಾಕೆಟ್ಟಿಗೆ ಇದನ್ನು ಚುಚ್ಚಿ, ಇದರ ಮುಖಕ್ಕೆ ನಮ್ಮ ಸಾಮಾನಿನ ಪ್ಲಗ್ ಚುಚ್ಚಬೇಕು, ಅಷ್ಟೇ. ಈಗ ಎಷ್ಟು ವ್ಯಾಟ್ ಹೋಗುತ್ತಿದೆ, ಹಾಕಿದಾಗಿನಿಂದ ಒಟ್ಟು ಎಷ್ಟು ಯೂನಿಟ್ ಆಯಿತು, ಎರಡೂ ತೋರಿಸುತ್ತದೆ. ವೋಲ್ಟೇಜ್ ಕೂಡ ಕಾಣುತ್ತದೆ.

ಮೊದಲು ಹಾಕಿದ್ದು ಗ್ರೈಂಡರಿಗೇ. ಅತ್ತೆ ಅಕ್ಕಿ, ಉದ್ದು ಎರಡೂ ನೆನೆಸಿಟ್ಟಿದ್ದರು. ಕಲ್ಲು ತಿರುಗತೊಡಗಿದಾಗ ಅಂಕಿ 150ರ ಹತ್ತಿರ ನಿಂತಿತು. ಉದ್ದು ಉಬ್ಬಿ ಬಂದಾಗ ಸ್ವಲ್ಪ ಏರಿತು, ಮತ್ತೆ ಇಳಿಯಿತು. ಮುಕ್ಕಾಲು ಗಂಟೆ ರುಬ್ಬಿದ ಮೇಲೆ ನೋಡಿದರೆ 0.11 ಯೂನಿಟ್. ತಿಂಗಳಿಗೆ ಹದಿಮೂರು ಸಲ ರುಬ್ಬಿದರೂ ಒಂದೂವರೆ ಯೂನಿಟ್ ಆಗುವುದಿಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ತಾವೇ ಓದಿದರು. "ಕಂಡ್ಯಾ? ನಾ ಹೇಳ್ಲಿಲ್ಯಾ?" ಎಂದರು. ಇವರು ಅಮ್ಮನ ಹತ್ತಿರ ತಪ್ಪಾಯಿತು ಅಂದರು. 900 ರೂಪಾಯಿ ನನಗೆ ಅವತ್ತೇ ವಸೂಲಾಯಿತು.

ಹಾಗಾದರೆ ಕರೆಂಟ್ ಹೋಗುತ್ತಿದ್ದುದು ಎಲ್ಲಿಗೆ? ದೊಡ್ಡ ಪಾಲು ಫ್ರಿಜ್ಜಿನದು. ಫ್ರಿಜ್ಜನ್ನು ಐದು ನಿಮಿಷ ನೋಡಿದರೆ ಏನೂ ತಿಳಿಯುವುದಿಲ್ಲ. ಕಂಪ್ರೆಸರ್ ಓಡುತ್ತದೆ, ನಿಲ್ಲುತ್ತದೆ. ಪೂರ್ತಿ ಒಂದು ದಿನ ಮೀಟರ್ ಬಿಡಬೇಕು. ನಮ್ಮದು ದಿನಕ್ಕೆ 1.9 ಯೂನಿಟ್ ತಿನ್ನುತ್ತಿತ್ತು. ಹನ್ನೊಂದು ವರ್ಷದ ಹಳೆಯ ಫ್ರಿಜ್ಜು. ಬಾಗಿಲಿಗೆ ಒಂದು ನ್ಯೂಸ್‌ಪೇಪರ್ ಚೂರು ಸಿಕ್ಕಿಸಿ ಮುಚ್ಚಿ ಎಳೆದು ನೋಡಿದೆ. ಮೇಲ್ಗಡೆ ಬಿಗಿಯಾಗಿ ಹಿಡಿದಿತ್ತು, ಕೆಳಗಿನ ಮೂಲೆಯಲ್ಲಿ ಸರ್ರನೆ ಜಾರಿ ಬಂತು. ಬಾಗಿಲಿನ ರಬ್ಬರು ಅಲ್ಲಿ ಗಟ್ಟಿಯಾಗಿ ಬಾಯಿ ಬಿಟ್ಟಿತ್ತು. ತಂಪೆಲ್ಲ ಅಲ್ಲಿಂದ ಸೋರಿ, ಅದನ್ನು ತುಂಬಿಸಲು ಕಂಪ್ರೆಸರ್ ಸುಮ್ನೆ ಓಡುತ್ತಿತ್ತು. ಹೊಸ ರಬ್ಬರು ಹಾಕಿಸಿದೆವು. ಗೋಡೆಗೆ ಅಂಟಿದ್ದ ಫ್ರಿಜ್ಜನ್ನು ನಾಲ್ಕು ಬೆರಳು ಮುಂದೆ ಎಳೆದೆವು. ಬಿಸಿ ಸಾರು ಆರುವ ಮುಂಚೆ ಒಳಗಿಡುವ ಅಭ್ಯಾಸ ನನ್ನದೇ, ಅದನ್ನೂ ಬಿಟ್ಟೆ. ಈಗ ದಿನಕ್ಕೆ 1.4 ಯೂನಿಟ್. ತಿಂಗಳಿಗೆ 15 ಯೂನಿಟ್ ಉಳಿತಾಯ, ಹೊಸ ಫ್ರಿಜ್ ಕೊಳ್ಳದೇನೇ.

ಟಿವಿಯ ಸೆಟ್‌ಟಾಪ್ ಬಾಕ್ಸ್ ನೋಡಿ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ರಿಮೋಟಿನಲ್ಲಿ ಆರಿಸಿದ ಮೇಲೂ 11 ವ್ಯಾಟ್! ದಿನವಿಡೀ ಹೀಗೇ ಬಿಟ್ಟರೆ ತಿಂಗಳಿಗೆ 8 ಯೂನಿಟ್. ಈಗ ಮಲಗುವ ಮುಂಚೆ ಮಗ ಗೋಡೆಯ ಸ್ವಿಚ್ಚೇ ಆರಿಸುತ್ತಾನೆ.

ಸೀಲಿಂಗ್ ಫ್ಯಾನಿಗೆ ಪ್ಲಗ್ ಇರುವುದಿಲ್ಲ, ಅಲ್ವಾ. ಎಲೆಕ್ಟ್ರಿಷಿಯನ್ ಬಂದಾಗ ಫ್ಯಾನಿನ ವೈರಿಗೆ ತಾತ್ಕಾಲಿಕವಾಗಿ ಪ್ಲಗ್ ಹಾಕಿಸಿ ಅಳೆದೆ. ನೀವಾಗಿಯೇ ಈ ಕೆಲಸ ಮಾಡಬೇಡಿ. ಹಾಲಿನ ಹಳೆಯ ಫ್ಯಾನ್ ಪೂರ್ತಿ ವೇಗದಲ್ಲಿ 75 ವ್ಯಾಟ್. ಆಮೇಲೆ ಹಾಕಿಸಿದ, ಕಡಿಮೆ ಕರೆಂಟ್ ತಿನ್ನುವ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30. ಗಾಳಿಯಲ್ಲಿ ನಮಗೆ ವ್ಯತ್ಯಾಸ ತಿಳಿಯಲಿಲ್ಲ. ಹಾಲಿನ ಫ್ಯಾನ್ ದಿನಕ್ಕೆ 15 ಗಂಟೆ ತಿರುಗುತ್ತದೆ, ಅಂದರೆ ತಿಂಗಳಿಗೆ 20 ಯೂನಿಟ್ ಉಳಿತಾಯ. ಅತ್ತೆಯ ಕೋಣೆಯದನ್ನೂ ಬದಲಿಸಿದೆವು. ಮಗನ ಕೋಣೆಯದು ದಿನಕ್ಕೆ ಮೂರು ಗಂಟೆ ಓಡಿದರೆ ಹೆಚ್ಚು, ಅಲ್ಲಿ ಹಳೆಯದೇ ಇರಲಿ ಅಂತ ಬಿಟ್ಟೆವು. ಇನ್ನೊಂದು ಮಾತು, ಬಿಎಲ್‌ಡಿಸಿ ಫ್ಯಾನ್ ಹಾಕಿಸಿದರೆ ಗೋಡೆಯ ರೆಗ್ಯುಲೇಟರ್ ತೆಗೆಸಿಬಿಡಿ. ಅದರ ವೇಗ ರಿಮೋಟಿನಲ್ಲೇ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ, ಅಂಗಡಿಯಲ್ಲಿ ಅದನ್ನು ನೋಡಿ ಕೇಳಿ.

ನಮಗೆ ಕರೆಂಟ್ ಕೊಡುವ ಮಹಾರಾಷ್ಟ್ರದ ಸರ್ಕಾರಿ ಕಂಪನಿ ಮಹಾವಿತರಣದ ಬಿಲ್ಲಿನಲ್ಲಿ ಮೊದಲ 100 ಯೂನಿಟ್ಟಿಗೆ ಒಂದು ದರ, 101ರಿಂದ 300ಕ್ಕೆ ಇನ್ನೊಂದು, 301ರಿಂದ 500ಕ್ಕೆ ಅದಕ್ಕಿಂತ ಜಾಸ್ತಿ. ಅದರ ಮೇಲೆ 16% ವಿದ್ಯುತ್ ಶುಲ್ಕ. ಹಾಗಾಗಿ ಉಳಿಸಿದ ಯೂನಿಟ್ ಕಡಿಮೆಯಾಗುವುದು ಮೇಲಿನಿಂದ, ಎಲ್ಲಕ್ಕಿಂತ ದುಬಾರಿ ಯೂನಿಟ್ಟೇ ಮೊದಲು ಹೋಗುತ್ತದೆ. ಈ ಅಕ್ಟೋಬರಿನಲ್ಲಿ ನಮಗೆ ಬಂದದ್ದು 271.

ಮೀಟರಿನ ಕೊರತೆಗಳನ್ನೂ ಹೇಳಬೇಕು. ಪರದೆಗೆ ಬೆಳಕಿಲ್ಲ. ಫ್ರಿಜ್ಜಿನ ಹಿಂದೆ ಬಗ್ಗಿ ಟಾರ್ಚ್ ಹಿಡಿದು ಓದಿದ್ದು ಸಾಕಾಗಿದೆ. ಒಳಗೆ ಬ್ಯಾಟರಿ ಇಲ್ಲ, ಕರೆಂಟ್ ಹೋದರೆ ಲೆಕ್ಕವೆಲ್ಲ ಅಳಿಸಿಹೋಗುತ್ತದೆ. ಫ್ರಿಜ್ಜಿನ ಮೊದಲ ಅಳತೆ 22ನೇ ಗಂಟೆಯಲ್ಲಿ ಹೀಗೇ ಹಾಳಾಗಿ, ಮತ್ತೆ ಶುರು ಮಾಡಬೇಕಾಯಿತು. ಫೋನ್ ಚಾರ್ಜರ್ ಖಾಲಿ ಇದ್ದಾಗ ಸೊನ್ನೆ ತೋರಿಸುತ್ತದೆ, ಅಷ್ಟು ಸಣ್ಣದು ಇದಕ್ಕೆ ಸಿಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ, ಗೀಸರಿನ ದಪ್ಪ ಪ್ಲಗ್ ಇದಕ್ಕೆ ಹಿಡಿಸುವುದಿಲ್ಲ.

ಗೀಸರಿಗೆ ಬೇರೆ ದಾರಿ ಹುಡುಕಿದೆ. ಕೆಳಗೆ ಇರುವ ಬಿಲ್ಲಿನ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಎಷ್ಟು ಮಿಣುಕಿಗೆ ಒಂದು ಯೂನಿಟ್ ಅಂತ ಮೀಟರ್ ಮೇಲೇ ಅಚ್ಚಾಗಿರುತ್ತದೆ, ನಮ್ಮದರಲ್ಲಿ 3200. ಮನೆಯಲ್ಲಿ ಉಳಿದದ್ದೆಲ್ಲ ಆರಿಸಿ ಗೀಸರ್ ಮಾತ್ರ ಹಾಕಿಸಿದೆ. ಫೋನಿನಲ್ಲಿ ವಿಡಿಯೋ ಮಾಡಿ ನಿಧಾನಕ್ಕೆ ಓಡಿಸಿ ಎಣಿಸಿದರೆ 10 ಸೆಕೆಂಡಿಗೆ 18 ಸಲ. ಅಂದರೆ 2 ಕಿಲೋವ್ಯಾಟ್. ಮೀಟರ್ ಕೊಳ್ಳದೆ ಇದೊಂದನ್ನೇ ಮಾಡಿದರೂ ಬೇಕಾದಷ್ಟು ತಿಳಿಯುತ್ತದೆ.

ಅಳೆಯುವ ಅಭ್ಯಾಸ ಕಾರಿಗೂ ಬಂತು. ಬಂಕಿನಲ್ಲಿ ಪಂಪ್ ತಾನಾಗಿ ನಿಲ್ಲುವವರೆಗೆ ಪೆಟ್ರೋಲ್ ಹಾಕಿಸಿ ಕಿಲೋಮೀಟರ್ ಬರೆದಿಟ್ಟುಕೊಳ್ಳುವುದು, ಮುಂದಿನ ಸಲವೂ ಅಷ್ಟೇ ತುಂಬಿಸಿ ಭಾಗಿಸುವುದು. ನಮಗೆ ಸಿಗುತ್ತಿದ್ದುದು ಲೀಟರಿಗೆ 11. ಮಗನ ಟ್ಯೂಷನ್ ಮುಂದೆ ಇವರು ದಿನಾ ಇಪ್ಪತ್ತು ನಿಮಿಷ ಎಸಿ ಹಾಕಿ, ಇಂಜಿನ್ ಬಿಟ್ಟು ಕಾಯುತ್ತಿದ್ದರು. ಟೈರಿನ ಗಾಳಿ ನೋಡುವ ಗೇಜ್ ಕುರ್ಲಾದ ಸಿಎಸ್‌ಟಿ ರಸ್ತೆಯಿಂದ 350ಕ್ಕೆ ತಂದೆವು. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ಟೈರು ತಣ್ಣಗಿದ್ದಾಗ ನೋಡಬೇಕು. ಹಿಂದಿನ ಎರಡೂ ಟೈರು 24 ಪಿಎಸ್‌ಐಗೆ ಇಳಿದಿದ್ದವು, ಬಾಗಿಲಿನ ಪಕ್ಕದ ಚೀಟಿಯಲ್ಲಿ ಬರೆದದ್ದಕ್ಕಿಂತ ಎಷ್ಟೋ ಕಡಿಮೆ. ಗಾಳಿ ಸರಿಮಾಡಿಸಿ, ಇಂಜಿನ್ ಆರಿಸಿ ಕಾಯತೊಡಗಿದ ಮೇಲೆ 13 ದಾಟಿದೆ. ಈಗ ಇವರು ಟ್ಯೂಷನ್ ಎದುರಿನ ಚಹಾ ಅಂಗಡಿಯಲ್ಲಿ ಕೂರುತ್ತಾರೆ.

ವ್ಯಾಟ್ ಮೀಟರಿಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ನೀವು ಕೊಳ್ಳುವುದಾದರೆ ಇನ್ನೂರು ಮುನ್ನೂರು ಜಾಸ್ತಿಯಾದರೂ 16 ಆಂಪಿಯರಿನ ದಪ್ಪ ಪ್ಲಗ್ ಹಿಡಿಸುವಂಥದ್ದನ್ನೇ ಕೇಳಿ. ಕರೆಂಟ್ ಹೋದರೂ ಲೆಕ್ಕ ಉಳಿಯುತ್ತದೆಯೇ ಅಂತ ಅಂಗಡಿಯಲ್ಲೇ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿ.